ನೂರ ನಲವತ್ತೇಳನೇ ನಂಬರಿನ ಮೇಜು

ಕೋಣೆಯ ಬಾಡಿಗೆ ತಿಂಗಳಿಗೆ ಒಂಬತ್ತು ಸಾವಿರ. ಮುಂಗಡ ಆರು ತಿಂಗಳದ್ದು. ಕರಾರುಪತ್ರ ಬರೆಸುವ ಖರ್ಚು ಹನ್ನೆರಡು ನೂರು. ವ್ಯಾನಿನವನಿಗೆ ಹೋಗಿಬರುವುದಕ್ಕೆ ಎಂಟು ನೂರು, ಅದರ ಮೇಲೆ ಅವನ ಕಾಫಿ. ಮೇಜಿಗೆ ಮಾತ್ರ ಒಂದು ಕಾಸೂ ಖರ್ಚಿಲ್ಲ. ಅದು ಹೆಂಡತಿಯದು, ಮತ್ತು ಅವಳಿಗೆ ಹೇಳಿರಲಿಲ್ಲ.

ಈ ಲೆಕ್ಕವನ್ನು ಪಾಲಿಸಿರಾಯರು ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ, ಹೆಂಡತಿ ಆಸ್ಪತ್ರೆಯ ಲ್ಯಾಬಿನ ಕೆಲಸಕ್ಕೆ ಹೊರಟ ಮುಕ್ಕಾಲು ಗಂಟೆಯ ಮೇಲೆ, ಒಂದು ಹಳೆಯ ಲಕೋಟೆಯ ಬೆನ್ನ ಮೇಲೆ ಗೀಚಿದರು. ಜೀವವಿಮೆ, ವಾಹನವಿಮೆ, ಬೆಂಕಿವಿಮೆ ಹೀಗೆ ಸಿಕ್ಕಿದ್ದಕ್ಕೆಲ್ಲ ಪಾಲಿಸಿ ಮಾಡಿಸುತ್ತಿದ್ದುದರಿಂದ ಬೀದಿಯವರು ಇಟ್ಟ ಹೆಸರು ಅದು. ಅಸಲು ಹೆಸರು ಮನೆಯ ವಿದ್ಯುತ್ ಬಿಲ್ಲಿನಲ್ಲಿ ಮಾತ್ರ ಉಳಿದುಕೊಂಡಿತ್ತು.

ಹನ್ನೊಂದು ವರ್ಷದಿಂದ ರಾಯರ ಆಫೀಸೆಂದರೆ ಮನೆಯ ಊಟದ ಮೇಜು. ಎಂಟು ಜನ ಕೂರಬಹುದಾದ ಕರಿಮರದ ಮೇಜು, ಹೆಂಡತಿಯ ತಾಯಿಯ ಕಾಲದ್ದು. ಅದರಲ್ಲಿ ಏಳೂವರೆ ಜನರ ಜಾಗವನ್ನು ಫೈಲುಗಳು ಹಿಡಿದಿದ್ದವು. ಉಳಿದ ಅರ್ಧದಲ್ಲಿ ರಾಯರು ಊಟ ಮಾಡುತ್ತಿದ್ದರು. ಹೆಂಡತಿ ಅಡುಗೆಮನೆಯಲ್ಲಿ ನಿಂತು, ಮಗಳು ಸೋಫಾದ ಕೈ ಮೇಲೆ ಕೂತು. ಒಂದು ಸಲ ಯಾರದೋ ಮರಣ ಪ್ರಮಾಣಪತ್ರದ ಮೇಲೆ ಬಿಸಿ ಪಾತ್ರೆ ಇಟ್ಟು, ಆ ಪುಣ್ಯಾತ್ಮರು ತೀರಿಕೊಂಡ ತಾರೀಕೇ ಅಳಿಸಿಹೋಗಿ, ಕಂಪನಿಯವರು ಅವರನ್ನು ಮತ್ತೆ ಎರಡು ತಿಂಗಳು ಬದುಕಿಸಿಟ್ಟಿದ್ದರು.

ಹಿಂದಿನ ವಾರ ಹೆಂಡತಿ ದನಿ ಏರಿಸದೆ ಹೇಳಿದ್ದಳು. ಅವಳು ದನಿ ಏರಿಸಿದರೆ ರಾಯರು ಹೆದರುತ್ತಿರಲಿಲ್ಲ.

"ಮುಂದಿನ ಶುಕ್ರವಾರ ಅಕ್ಕ, ಭಾವ ಊಟಕ್ಕೆ ಬರ್ತಾರೆ. ಸಂಜೆ ಏಳು ಗಂಟೆಗೆ ಅಮ್ಮನ ಮೇಜಿನ ಮೇಲೆ ತಟ್ಟೆ ಇರ್ಬೇಕು. ಫೈಲ್ ಇದ್ರೆ ನಾನು ಅವರ ಜೊತೆ ಅವರ ಮನೆಗೇ ಹೊರಟೆ. ಎರಡು ದಿನಕ್ಕೆ ಅಂತ ತಿಳ್ಕೋಬೇಡಿ."

ಹಾಗಾಗಿ ರಾಯರು ಊರ ನಡುವಿನ ಪೇಟೆಬೀದಿಯಲ್ಲಿ, ನೂರಿಪ್ಪತ್ತು ವರ್ಷದ ಹಳೆಯ ತಂತಿ ಕಚೇರಿಯಲ್ಲಿ ಕೋಣೆ ಹಿಡಿದರು. ಬೀಳುವ ಸ್ಥಿತಿಯಲ್ಲಿದ್ದ ಕಟ್ಟಡವನ್ನು ಯಾವುದೋ ಟ್ರಸ್ಟಿನವರು ದುರಸ್ತಿ ಮಾಡಿ, ಕಂಬಗಳಿಗೆ ಸುಣ್ಣ ಹೊಡೆದು, ಮರದ ಮೆಟ್ಟಿಲಿಗೆ ಪಾಲಿಶ್ ಕೊಟ್ಟು ಕೋಣೆಗಳನ್ನು ಬಾಡಿಗೆಗೆ ಬಿಟ್ಟಿದ್ದರು. ಮೊದಲ ಮಹಡಿಯ ಮೂಲೆ ಕೋಣೆ. ಆಳೆತ್ತರದ ಎರಡು ಕಿಟಕಿ. ಒಳಗೆ ನಿಂತರೆ ಸಾಮಾನ್ಯ ಮನುಷ್ಯನೂ ಒಂದು ಅಂಗುಲ ಎತ್ತರವಾದಂತೆ ಕಾಣುತ್ತಿದ್ದ. ಇವತ್ತು ಕರಾರಿಗೆ ಸಹಿ, ಸಂಜೆಯೊಳಗೆ ಫೈಲುಗಳ ಸಾಗಾಟ, ಏಳಕ್ಕೆ ಊಟ. ಎಲ್ಲ ಸರಿಯಾಗಿತ್ತು.

ಸರಿಯಾಗಿಲ್ಲದ್ದು ಟ್ರಸ್ಟಿನ ಪತ್ರದ ಎರಡನೇ ಪುಟದಲ್ಲಿತ್ತು. ಅದನ್ನು ರಾಯರು ಓದಿದ್ದು ಆ ಬೆಳಿಗ್ಗೆ. 'ಸಹಿಯ ದಿನ ಬಾಡಿಗೆದಾರರು ತಮ್ಮ ಪೀಠೋಪಕರಣವನ್ನು ಕೋಣೆಯಲ್ಲಿಟ್ಟು ತೋರಿಸತಕ್ಕದ್ದು. ಅದು ಕಟ್ಟಡದ ಘನತೆಗೆ ಒಪ್ಪುವಂತಿರಬೇಕು. ಪ್ಲಾಸ್ಟಿಕ್, ತಗಡು ಮತ್ತು ಗಾಜಿನವನ್ನು ಮೆಟ್ಟಿಲ ಬಳಿಯೇ ತಡೆಯಲಾಗುವುದು.'

ರಾಯರು ನಿನ್ನೆಯಷ್ಟೇ ಕೊಂಡು ತಂದಿದ್ದ ನೀಲಿ ಪ್ಲಾಸ್ಟಿಕ್ ಟೇಬಲ್ಲನ್ನು ನೋಡಿದರು. ಅದು ನಾಲ್ಕೂ ಕಾಲು ಅಗಲಿಸಿಕೊಂಡು ಆಗ ತಾನೇ ಹುಟ್ಟಿದ ಕರುವಿನಂತೆ ನಿಂತಿತ್ತು.

"ಏನಯ್ಯಾ, ಹೆಣ ನೋಡ್ದೋನ ಥರ ನಿಂತಿದ್ದೀಯ?" ಎಂದು ಕಿಟಕಿಯಾಚೆಯಿಂದ ದನಿ ಬಂತು.

ಎದುರುಮನೆಯ ಗಾರ್ಡ್ ಮಾಮ. ನಲವತ್ತು ವರ್ಷ ರೈಲಿನ ಕೊನೆಯ ಡಬ್ಬಿಯಲ್ಲಿ ನಿಂತು ಬಂದವರು. ಆ ಕಾರಣಕ್ಕೋ ಏನೋ, ನಿವೃತ್ತರಾದ ಮೇಲೆ ಯಾವ ವಿಷಯದಲ್ಲೂ ಅವರು ಹಿಂದೆ ನಿಲ್ಲುತ್ತಿರಲಿಲ್ಲ. ರಾಯರು ಪತ್ರವನ್ನು ಕಿಟಕಿಯ ಸರಳಿನ ಸಂದಿನಿಂದ ಚಾಚಿದರು. ಮಾಮ ಓದಿ, ಕಣ್ಣೆತ್ತಿ, ಫೈಲುಗಳ ಗುಡ್ಡದ ಕೆಳಗೆ ಇಣುಕುತ್ತಿದ್ದ ಕರಿಮರದ ಕಾಲನ್ನು ನೋಡಿದರು.

"ಇದಿದ್ಯಲ್ಲ."

"ಮಾಮ, ಅದು ಅವಳ ತಾಯಿದು."

"ನಿಂಗೇನು ಮಾರು ಅಂದ್ನಾ? ಹನ್ನೊಂದಕ್ಕೆ ತೋರ್ಸೋದು, ಹನ್ನೆರಡಕ್ಕೆ ಸಹಿ, ಎರಡಕ್ಕೆ ಮೇಜು ವಾಪಸ್. ಆಮೇಲೆ ಒಂದು ಸೆಕೆಂಡ್ ಹ್ಯಾಂಡ್ ಮರದ ಟೇಬಲ್ ತಗೊಂಡು ಹೋಗಿಡು. ನಿನ್ನ ಹೆಂಡ್ತಿ ಬರೋದು ಆರಕ್ಕೆ. ನಾಲ್ಕು ಗಂಟೆ ಕೈಯಲ್ಲಿರತ್ತೆ. ನಾನು ಇದಕ್ಕಿಂತ ಬಿಗಿ ಟೈಮಲ್ಲಿ ಗಾಡಿ ಓಡಿಸಿದೀನಿ."

"ಮಾಮ, ಗಾಡಿ ಓಡಿಸೋದು ಡ್ರೈವರ್ ಅಲ್ವಾ?"

"ನಾನು ಹಸಿರು ಬಾವುಟ ತೋರಿಸದೆ ಅವನೇನು ಓಡಿಸ್ತಾನೆ?"

ಹತ್ತು ನಿಮಿಷದಲ್ಲಿ ಫೈಲುಗಳು ನೆಲಕ್ಕಿಳಿದವು. ಹನ್ನೊಂದು ವರ್ಷದ ಬಳಿಕ ಬೆಳಕು ಕಂಡ ಮೇಜು ವ್ಯಾನಿಗೆ ಹತ್ತಿತು. ಆರು ಕುರ್ಚಿಗಳೂ ಹತ್ತಿದವು.

ತಂತಿ ಕಚೇರಿಯ ಮೆಟ್ಟಿಲು ಅರ್ಧಕ್ಕೆ ಹೋಗಿ ತಿರುಗುತ್ತಿತ್ತು, ಮೇಜು ತಿರುಗಲಿಲ್ಲ. ಕೆಳಗೆ ವ್ಯಾನಿನವನು, ಮೇಲೆ ರಾಯರು, ನಡುವೆ ಹೆಬ್ಬಂಡೆಯ ಹಾಗೆ ಮೇಜು. ಗಾರ್ಡ್ ಮಾಮ ಕೆಳಗೆ ನಿಂತು ಕೈ ಬೀಸುತ್ತಿದ್ದರು. ನೆಲಮಹಡಿಯ ಹಲ್ಲಿನ ಡಾಕ್ಟರ ಬಳಿ ಸರದಿಗೆ ಕಾಯುತ್ತಿದ್ದ ಮೂವರು ಸದ್ದು ಕೇಳಿ ಬಂದು ಹೆಗಲು ಕೊಟ್ಟರು. ಅದರಲ್ಲಿ ಒಬ್ಬನ ಕೆನ್ನೆ ಕುಂಬಳಕಾಯಿಯಷ್ಟಾಗಿತ್ತು. ಅವನೇ ಎಲ್ಲರಿಗಿಂತ ಜೋರಾಗಿ ನೂಕಿದ. ನೋವು ಎಲ್ಲಾದರೂ ಒಂದು ಕಡೆ ಹೊರಗೆ ಹೋಗಬೇಕಲ್ಲ.

ಮೇಜು ಕೋಣೆಯ ನಡುವೆ ನಿಂತ ಮೇಲೆ ಮ್ಯಾನೇಜರ್ ಬಂದರು. ತೆಳ್ಳಗಿನ, ಇಸ್ತ್ರಿ ಮಾಡಿದ ಮನುಷ್ಯ. ಮೇಜನ್ನು ನೋಡಿ ಅವರ ಹುಬ್ಬು ಮೇಲೇರಿತು.

"ಭೇಷ್ ಸಾರ್. ಇಂಥದ್ದು ಈ ಕಟ್ಟಡಕ್ಕೆ ಇನ್ನೂ ಯಾರೂ ತಂದಿರ್ಲಿಲ್ಲ. ನಮ್ಮ ಟ್ರಸ್ಟಿನವ್ರಿಗೆ ಒಂದೇ ಹಠ. ಗೋಡೆ ಹಳೇದಾದ್ರೆ ಸಾಲದು, ಕೋಣೆಯ ಕೆಲಸವೂ ಹಳೇದೇ ಇರ್ಬೇಕು. ತಂತಿ ಹಂಚೋರು ಸೈಕಲ್ ಇಡ್ತಿದ್ದ ಶೆಡ್ಡಲ್ಲಿ ಈಗ ಸೈಕಲ್ ರಿಪೇರಿಯವ್ನು. ಕೆಲಸಗಾರರಿಗೆ ಗಾಯಕ್ಕೆ ಪಟ್ಟಿ ಕಟ್ತಿದ್ದ ಕೋಣೆಯಲ್ಲಿ ಹಲ್ಲಿನ ಡಾಕ್ಟ್ರು. ನಿಮ್ಮ ಕೋಣೆ ಮಾತ್ರ ಏನಕ್ಕಿತ್ತೋ ಯಾರಿಗೂ ಗೊತ್ತಿಲ್ಲ. ಅದಕ್ಕೇ ನಿಮಗೆ ಒಂಬತ್ತು ಸಾವಿರ. ಪಕ್ಕದ್ದು ಹದಿನಾರು."

ರಾಯರು ಮನಸ್ಸಿನಲ್ಲೇ ಆ ಮರೆತುಹೋದ ಇತಿಹಾಸಕ್ಕೆ ಕೈ ಮುಗಿದರು. ಗುರುತಿನ ಚೀಟಿಯ ಜೆರಾಕ್ಸ್ ಬೇಕೆಂದು ಮ್ಯಾನೇಜರ್ ಹೇಳಿದ್ದರಿಂದ, ಮಾಮನನ್ನು ಕೋಣೆಯಲ್ಲಿ ಕಾವಲಿಗೆ ಕೂರಿಸಿ ಪೇಟೆಬೀದಿಗೆ ಇಳಿದರು.

"ಮಾಮ, ಯಾರಾದ್ರೂ ಮೇಜಿನ ವಿಷಯ ಕೇಳಿದ್ರೆ ಸ್ವಲ್ಪ ಒಳ್ಳೇ ಮಾತಾಡಿ."

ಇಡೀ ದಿನದಲ್ಲಿ ರಾಯರು ಆಡಿದ ಅತಿ ದುಬಾರಿ ಮಾತು ಅದು.

ಅವರು ಹೋದ ಐದು ನಿಮಿಷಕ್ಕೆ ಟ್ರಸ್ಟಿನ ತಜ್ಞೆ ಬಂದರು. ಅರವತ್ತು ದಾಟಿದ ಹೆಂಗಸು, ಕೊರಳಲ್ಲಿ ದಾರ ಕಟ್ಟಿದ ಭೂತಗನ್ನಡಿ, ಕೈಯಲ್ಲಿ ರಿಜಿಸ್ಟರು. ಬಾಡಿಗೆಗೆ ಕೊಡುವ ಮುಂಚೆ ಕೋಣೆಯಲ್ಲಿರುವ ಹಳೆಯ ವಸ್ತುಗಳಿಗೆಲ್ಲ ನಂಬರು ಹಾಕಿ ಪಟ್ಟಿ ಮಾಡುವುದು ಅವರ ಕೆಲಸ. ಕದ, ಕೊಂಡಿ, ಕಿಟಕಿಯ ಚಿಲಕ, ಗೋಡೆಯ ಗೂಟ ಎಲ್ಲಕ್ಕೂ. ಪಟ್ಟಿಗೆ ಹತ್ತಿದ ವಸ್ತುವನ್ನು ಹೊರಗೆ ಒಯ್ಯುವಂತಿಲ್ಲ.

ಅವರು ಮೇಜಿನ ಮುಂದೆ ನಿಂತುಬಿಟ್ಟರು. "ಇದೆಲ್ಲಿಂದ ಬಂತು? ಇದು ಹಳೇದಾ?"

ಒಳ್ಳೆಯ ಮಾತಾಡಲು ಕಾಯುತ್ತಿದ್ದ ಗಾರ್ಡ್ ಮಾಮ ಎದ್ದು ನಿಂತರು. "ಹಳೇದಾ ಅಂತ ಕೇಳ್ತೀರಾ ಮೇಡಂ? ಈ ಕಟ್ಟಡಕ್ಕೆ ಅಂತಲೇ ಹುಟ್ಟಿದ್ದು ಇದು. ಇದನ್ನ ಇಲ್ಲಿಂದ ತೆಗೆದ್ರೆ ಕೋಣೆಗೆ ಜೀವ ಇರಲ್ಲ. ನಾನು ನಲವತ್ತು ವರ್ಷ ಸರ್ಕಾರಿ ಕೆಲಸ ಮಾಡ್ದೋನು, ಸುಳ್ಳು ಹೇಳಲ್ಲ."

ರಾಯರು ಜೆರಾಕ್ಸ್ ಹಿಡಿದು ಏದುಸಿರು ಬಿಡುತ್ತ ಬರುವಷ್ಟರಲ್ಲಿ ಮೇಜಿನ ಕಾಲಿಗೆ ಹಿತ್ತಾಳೆಯ ಬಿಲ್ಲೆ ಬಿದ್ದಿತ್ತು. ನೂರ ನಲವತ್ತೇಳು. ಕುರ್ಚಿಗಳು ನೂರ ನಲವತ್ತೆಂಟರಿಂದ ನೂರ ಐವತ್ಮೂರು.

"ಮೇಡಂ, ಇದು ನಮ್ಮನೇದು! ಬೆಳಿಗ್ಗೆ ತಂದಿದ್ದು!"

ತಜ್ಞೆ ಕರುಣೆಯಿಂದ ನಕ್ಕರು. "ಎಲ್ಲರೂ ಹಾಗೇ ಅಂತಾರೆ. ಹೋದ ತಿಂಗಳು ಕೆಳಗಿನ ವಕೀಲರು ಗೋಡೆ ಗಡಿಯಾರ ನಮ್ಮಜ್ಜಂದು ಅಂತ ವಾದ ಮಾಡಿದ್ರು. ಅದು ಗೋಡೆ ಒಳಗೇ ಕಟ್ಟಿದ್ದು."

"ಬೇಕಾದ್ರೆ ಇವ್ರನ್ನ ಕೇಳಿ. ಮಾಮ, ಹೇಳಿ!"

ಗಾರ್ಡ್ ಮಾಮ ಕಿಟಕಿಯ ಚಿಲಕವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. "ನಾನು ಆಗಲೇ ಹೇಳಿದೀನಪ್ಪ," ಎಂದರು. "ಈಗ ಬೇರೆ ಹೇಳಿದ್ರೆ ನನ್ನ ನಲವತ್ತು ವರ್ಷದ ಸರ್ವೀಸಿಗೆ ಏನು ಬೆಲೆ?"

ರಾಯರಿಗೆ ವಿಮೆಯ ಕೆಲಸ ಕಲಿಸಿದ್ದು ಒಂದೇ ವಿದ್ಯೆ. ನಷ್ಟವಾದಾಗ ಅಳಬಾರದು, ಪುರಾವೆ ಕೊಡಬೇಕು. ಅವರು ಅಂಗಿಯ ತೋಳು ಮಡಚಿ ಮೇಜಿನ ಬಳಿ ಮಂಡಿಯೂರಿದರು.

"ಇಲ್ಲಿ ನೋಡಿ ಮೇಡಂ. ಅಂಚಲ್ಲಿ ಹಲ್ಲಿನ ಗುರುತು. ಮಗೂಗೆ ಹಲ್ಲು ಬರೋವಾಗ ಕಚ್ಚಿದ್ದು."

ತಜ್ಞೆ ಭೂತಗನ್ನಡಿ ಹಿಡಿದರು. "ಮಕ್ಕಳು," ಎಂದು ಪಿಸುಗುಟ್ಟಿದರು. "ಇಲ್ಲಿ ಮಕ್ಕಳೂ ಇದ್ರು."

"ಈ ಬಿಳಿ ಸುತ್ತು ಬಿಸಿ ಪಾತ್ರೆ ಇಟ್ಟಿದ್ದು. ಈ ಗುಳಿ ಇದ್ಯಲ್ಲ, ಊಟ ತಡ ಆದಾಗೆಲ್ಲ ಯಜಮಾನ್ರು ಚಮಚದಲ್ಲಿ ಕುಟ್ಟಿ ಕುಟ್ಟಿ ಆಗಿದ್ದು." ಆ ಯಜಮಾನರು ತಮ್ಮ ಮಾವ ಎಂದು ಹೇಳುವಷ್ಟು ಉಸಿರು ಅವರಿಗೆ ಉಳಿದಿರಲಿಲ್ಲ. "ಕೆಳಗೆ ಬಗ್ಗಿ ನೋಡಿ, ತಿನ್ನೋಕೆ ಇಷ್ಟ ಇಲ್ಲದ ಬದನೆಕಾಯಿ ಅಂಟಿಸಿರೋದು. ಒಣಗಿ ಮರಕ್ಕೇ ಸೇರ್ಕೊಂಡಿದೆ."

ತಜ್ಞೆ ಮೇಜಿನಡಿಗೆ ನುಗ್ಗಿದರು. ಪುಟ್ಟ ಚಾಕುವಿನಿಂದ ಬದನೆಕಾಯಿಯನ್ನು ಕೆರೆದು ಲಕೋಟೆಗೆ ಹಾಕಿಕೊಂಡು ಹೊರಬಂದಾಗ ಅವರ ಕಣ್ಣಲ್ಲಿ ನೀರಿತ್ತು.

"ಆರು ವರ್ಷದಿಂದ ಹುಡುಕ್ತಿದೀನಿ," ಎಂದರು. "ನಿಮಗೆ ಗೊತ್ತಿಲ್ಲ ನೀವು ಎಂಥ ಉಪಕಾರ ಮಾಡಿದ್ರಿ ಅಂತ. ಸಂಜೆ ಬರ್ತೀನಿ." ರಿಜಿಸ್ಟರನ್ನು ಎದೆಗವಚಿಕೊಂಡು ಮೆಟ್ಟಿಲಿಳಿದು ಹೋದರು.

ರಾಯರು ಕರಾರುಪತ್ರ ಹಿಡಿದು ಬಂದ ಮ್ಯಾನೇಜರ ಕಡೆ ತಿರುಗಿದರು. "ಸಾರ್, ಇದಕ್ಕೆ ತಕರಾರು ಕೊಡ್ತೀನಿ."

"ಖಂಡಿತ ಕೊಡಿ ಸಾರ್. ನಾನು ಬಂದಾಗ ಮೇಜು ಕೋಣೆ ಒಳಗೇ ಇತ್ತು, ತಂದಿದ್ದನ್ನ ನಾನು ನೋಡಿಲ್ಲ, ಮೇಡಂ ಬರೆದದ್ದೇ ಕೊನೆ. ಆದ್ರೆ ಬಾಡಿಗೆದಾರರಷ್ಟೇ ತಕರಾರು ಕೊಡ್ಬಹುದು. ನೀವಿನ್ನೂ ಸಹಿ ಮಾಡಿಲ್ಲ. ಈಗ ನೀವು ಬರೀ ರಸ್ತೇಲಿ ಹೋಗೋರು." ಮ್ಯಾನೇಜರ್ ಕರಾರುಪತ್ರವನ್ನು ನೂರ ನಲವತ್ತೇಳರ ಮೇಲೆ ಹರಡಿದರು. "ಕೆಳಗೆ ಮೊಬೈಲ್ ಕವರ್ ಮಾರೋನು ಇದೇ ಕೋಣೆಗೆ ಅಂತ ಕೂತಿದಾನೆ."

ಹನ್ನೆರಡು ಪುಟ, ಇರುವೆ ಸಾಲಿನಂಥ ಅಕ್ಷರ. ಇಪ್ಪತ್ತು ವರ್ಷದಲ್ಲಿ ರಾಯರು ಇಂಥ ಸಾವಿರಾರು ಕಾಗದಗಳನ್ನು ಜನರ ಮುಂದೆ ಹರಡಿದ್ದರು. "ಎಲ್ಲ ಓದ್ತಾ ಕೂತ್ರೆ ಆಯುಷ್ಯ ಸಾಲಲ್ಲ, ಇಲ್ಲಿ ಸಹಿ ಹಾಕಿ" ಎಂದು ಅವರೇ ಹೇಳುತ್ತಿದ್ದರು. ಈಗ ತಾವೂ ಓದದೆ, ತೋರಿಸಿದ ಜಾಗದಲ್ಲೆಲ್ಲ ಸಹಿ ಹಾಕಿದರು. ಮೂರು ವರ್ಷದ ಕರಾರು.

"ಈಗ ತಕರಾರು ತಗೊಳ್ಳಿ."

"ತಗೊಂಡೆ. ಮೂವತ್ತು ದಿನದಲ್ಲಿ ಸಭೆ ಇದೆ."

ಗಂಟೆ ಎರಡಾಯಿತು. ಮೂರಾಯಿತು. ವ್ಯಾನಿನವನು ಕಾಯುವುದಕ್ಕೂ ಗಂಟೆಯ ಲೆಕ್ಕದಲ್ಲಿ ದುಡ್ಡು ಕೇಳತೊಡಗಿದ. ಬಾಗಿಲಲ್ಲಿ ವಾಚ್‌ಮನ್ ನಿಂತಿದ್ದ. ಕೈಯಲ್ಲಿ ಪಟ್ಟಿ. ಬಿಲ್ಲೆ ಇದ್ದ ಯಾವ ವಸ್ತುವೂ ಅವನನ್ನು ದಾಟುವಂತಿರಲಿಲ್ಲ.

ತನ್ನಿಂದ ತಪ್ಪಾಯಿತೆಂದು ಗಾರ್ಡ್ ಮಾಮನಿಗೆ ಗೊತ್ತಿತ್ತು. ಅವರು ಅದನ್ನು ಒಪ್ಪಿಕೊಳ್ಳುವ ರೀತಿ ಎಂದರೆ ಇನ್ನೊಂದು ಉಪಾಯ ಹೇಳುವುದು.

"ನೋಡಯ್ಯಾ, ಮೇಜಿನ ಕಾಲು ತಿರುಗಿಸಿದ್ರೆ ಬಿಚ್ಚುತ್ತೆ. ಕಾಲಿಗೆ ತಾನೇ ಬಿಲ್ಲೆ ಇರೋದು? ಕಾಲು ನಾಳೆ ನೋಡ್ಕೊಳ್ಳೋಣ. ಮೇಲ್ಗಡೆ ಹಲಗೆ ಮನೆಗೆ ಹೋಗ್ಲಿ. ಇಟ್ಟಿಗೆ ಮೇಲಿಟ್ಟು ಬಟ್ಟೆ ಹೊದಿಸಿದ್ರೆ ನಿನ್ನ ಷಡ್ಡಕನಿಗೆ ಏನು ಗೊತ್ತಾಗುತ್ತೆ?"

"ಹಲಗೇನ ವಾಚ್‌ಮನ್ ನೋಡಲ್ವಾ?"

"ಅದರ ಮೇಲೆ ನಾನು ಮಲಗ್ತೀನಿ. ಶೀಟ್ ಹೊದಿಸಿ. ಸ್ಟ್ರೆಚರ್ ಅಂದ್ಕೋತಾನೆ. ಕಾಯಿಲೆ ಮನುಷ್ಯನ್ನ ಯಾರಯ್ಯಾ ತಡೀತಾರೆ?"

ರಾಯರು ಒಪ್ಪಿದ್ದು ಬುದ್ಧಿ ಕೆಟ್ಟಿತ್ತೆಂದಲ್ಲ, ಗಂಟೆ ನಾಲ್ಕೂವರೆ ಆಗಿತ್ತೆಂದು. ವ್ಯಾನಿನ ಸಾಮಾನು ಮುಚ್ಚುವ ಬಿಳಿ ಶೀಟನ್ನು ಹೊದಿಸಿದರು. ಮುಂದೆ ವ್ಯಾನಿನವನು, ಹಿಂದೆ ರಾಯರು. ನಡುವೆ ಗಾರ್ಡ್ ಮಾಮ ಕಣ್ಣು ಮುಚ್ಚಿ, ಬಾಯಿ ತೆರೆದು, ನರಳುತ್ತ. ಮೆಟ್ಟಿಲ ತಿರುವಿನಲ್ಲಿ ಕಾಲು ಬಿಚ್ಚಿದ ಮೇಜು ಈ ಸಲ ಆರಾಮಾಗಿ ತಿರುಗಿತು. ಆದರೆ ಮಾಮ ಜಾರಿ ತಲೆಯ ಕಡೆಯಿಂದ ಕಾಲಿನ ಕಡೆಗೆ ಬಂದರು. ಆಗ ಅವರು ನರಳಿದ್ದು ನಿಜವಾದ ನರಳಾಟ.

ವಾಚ್‌ಮನ್ ಒಳ್ಳೆಯ ಮನುಷ್ಯ. ಅನರ್ಥವೆಲ್ಲ ಆದದ್ದು ಅದರಿಂದಲೇ.

"ಅಯ್ಯೋ, ಏನಾಯ್ತು ಸಾರ್ ಯಜಮಾನ್ರಿಗೆ? ಬೆಳಿಗ್ಗೆ ಚೆನ್ನಾಗಿದ್ರಲ್ಲ! ಆಸ್ಪತ್ರೆ ಯಾಕೆ, ಡಾಕ್ಟ್ರು ಇಲ್ಲೇ ಇದಾರೆ! ಡಾಕ್ಟ್ರೇ!"

ರಾಯರು "ಬೇಡ, ಬೇಡ" ಎನ್ನುವಷ್ಟರಲ್ಲಿ ಹಲ್ಲಿನ ಡಾಕ್ಟರು ಕೈಗವಸಿನೊಂದಿಗೆ ಓಡಿಬಂದರು. ಅವರ ಕಸುಬಿನಲ್ಲಿ ತುರ್ತು ಕರೆ ಬರುವುದು ಅಪರೂಪ. ಮಾಮನ ನಾಡಿ ನೋಡುವುದನ್ನು ಮರೆತು, ಅಭ್ಯಾಸಬಲದಿಂದ ಬಾಯಿ ಅಗಲಿಸಿ ಟಾರ್ಚ್ ಬಿಟ್ಟರು.

"ಓಹೋಹೋ. ಇದನ್ನ ಇಟ್ಕೊಂಡು ಹೇಗ್ರೀ ಓಡಾಡ್ತಿದ್ರಿ? ಎರಡು ಇವತ್ತೇ ಕೀಳ್ಬೇಕು."

ಇಕ್ಕಳದ ಸದ್ದು ಕೇಳಿದ್ದೇ ತಡ, ಸಾಯುತ್ತಿದ್ದ ಗಾರ್ಡ್ ಮಾಮ ಎದ್ದು ಕೂತು, ಶೀಟಿನ ಸಮೇತ ಹಾರಿ, ಪೇಟೆಬೀದಿಯಲ್ಲಿ ಯಾವ ಎಕ್ಸ್‌ಪ್ರೆಸ್ಸಿಗೂ ಕಡಿಮೆಯಿಲ್ಲದ ವೇಗದಲ್ಲಿ ಹೊರಟುಹೋದರು. ಬರಿದಾದ ಹಲಗೆ ಎಲ್ಲರ ಎದುರು ಫಳಫಳ ಹೊಳೆಯಿತು.

ವಾಚ್‌ಮನ್ ಪಟ್ಟಿ ನೋಡಿದ. ಹಲಗೆ ನೋಡಿದ. "ಸಾರ್," ಎಂದ ನೊಂದ ದನಿಯಲ್ಲಿ, "ನಿಮ್ಮನ್ನ ನೋಡಿದ್ರೆ ಹಾಗನ್ಸಲ್ಲ."

ಹಲಗೆ ಮತ್ತೆ ಮೇಲೆ ಹೋಯಿತು. ಕಾಲುಗಳನ್ನು ತಿರುಗಿಸಿ ಕೂರಿಸಿದ್ದೂ ರಾಯರೇ. ವ್ಯಾನಿನವನು ಎಂಟು ನೂರಕ್ಕೆ ಆರು ನೂರು ಸೇರಿಸಿ ಎಣಿಸಿಕೊಂಡು ಖಾಲಿ ವ್ಯಾನು ಓಡಿಸಿಕೊಂಡು ಹೋದ.

ಆರೂ ಕಾಲಿಗೆ ಫೋನು ಬಂತು.

"ರೀ, ಅಕ್ಕ ಭಾವ ಬಂದು ಕೂತಿದಾರೆ. ಕೂತಿದಾರೆ ಅಂದ್ರೆ, ನಿಮ್ಮ ಫೈಲ್ ಮೇಲೆ ಕೂತಿದಾರೆ. ಕುರ್ಚಿ ಇಲ್ಲ. ಅಮ್ಮನ ಮೇಜಿದ್ದ ಕಡೆ ಒಂದು ನೀಲಿ ಪ್ಲಾಸ್ಟಿಕ್ ನಿಂತಿದೆ. ಮೇಜೆಲ್ಲಿ?"

ರಾಯರು ಹೇಳಿದರು. ಸಹಿ, ಬಿಲ್ಲೆ, ಬದನೆಕಾಯಿ, ಹಲ್ಲಿನ ಡಾಕ್ಟರು, ಯಾವುದನ್ನೂ ಬಿಡದೆ ಹೇಳಿದರು. ಹೇಳುತ್ತ ಹೇಳುತ್ತ ಅವರಿಗೇ ನಂಬಿಕೆ ಕಮ್ಮಿಯಾಗುತ್ತ ಬಂತು.

"ಅಲ್ಲೇ ಇರಿ," ಎಂದಳು ಹೆಂಡತಿ. ದನಿ ಏರಿಸಿರಲಿಲ್ಲ.

ಅವಳು ಬರುವ ಮುಂಚೆ ತಜ್ಞೆ ಬಂದರು. ಜೊತೆಗೆ ಮ್ಯಾನೇಜರ್, ಅವರ ಕೈಯಲ್ಲಿ ಒಂದು ಹಳದಿಯಾದ ಕಾಗದ.

"ಇದು ತೊಂಬತ್ತು ವರ್ಷದ ಹಿಂದೆ ಇಲ್ಲಿನ ಗುಮಾಸ್ತರು ಬರೆದ ದೂರು," ಎಂದರು ತಜ್ಞೆ. "'ನಮ್ಮ ಊಟದ ಕೋಣೆಗೆ ಗಾಳಿ ಜೋರು, ಆಹಾರ ಬೇಗ ಆರುತ್ತದೆ' ಅಂತ. ಊಟದ ಕೋಣೆ ಇತ್ತು ಅಂತ ಗೊತ್ತಿತ್ತು, ಎಲ್ಲಿ ಅಂತ ಗೊತ್ತಿರ್ಲಿಲ್ಲ. ಎರಡು ದೊಡ್ಡ ಕಿಟಕಿ ಇರೋ ಕೋಣೆ ಇದೊಂದೇ. ಈಗ ಮೇಜೂ ಸಿಕ್ತು. ಪಾತ್ರೆ ಗುರುತು, ಚಮಚದ ಗುರುತು, ಮಕ್ಕಳ ಹಲ್ಲು. ಎಲ್ಲ ತೋರ್ಸಿದ್ದು ನೀವೇ."

"ಸಂತೋಷ," ಎಂದರು ರಾಯರು.

ಮ್ಯಾನೇಜರ್ ಕೆಮ್ಮಿದರು. "ಸಾರ್, ಕರಾರಿನ ಹತ್ತೊಂಬತ್ತನೇ ಕಲಮು. 'ಕೋಣೆಯ ಮೂಲ ಬಳಕೆ ತಿಳಿದುಬಂದ ದಿನದಿಂದ ಬಾಡಿಗೆದಾರರು ಅದನ್ನು ಆ ಬಳಕೆಗೆ ಮಾತ್ರ ಉಪಯೋಗಿಸತಕ್ಕದ್ದು.' ಇಲ್ಲಿ ಇನ್ನು ಊಟ ಮಾತ್ರ. ವಿಮೆ ಕೆಲಸ ಮಾಡೋ ಹಾಗಿಲ್ಲ. ಒಂದು ಫೈಲೂ ಒಳಗೆ ಬರೋ ಹಾಗಿಲ್ಲ."

"ಹಾಗಾದ್ರೆ ನನ್ನ ಕರಾರು ರದ್ದು ಮಾಡಿ!"

"ಮಧ್ಯದಲ್ಲಿ ಬಿಟ್ರೆ ಮುಂಗಡ ವಾಪಸ್ ಇಲ್ಲ. ಇಪ್ಪತ್ತನೇ ಕಲಮು."

ರಾಯರು ನೂರ ನಲವತ್ತೊಂಬತ್ತನೇ ನಂಬರಿನ ಕುರ್ಚಿಯ ಮೇಲೆ ಕುಸಿದರು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಕಾಲ ಸದ್ದಾಯಿತು. ಮೊದಲು ಮಗಳು, ಹಿಂದೆ ಷಡ್ಡಕರು, ಮನೆಯಲ್ಲಿ ಎಲ್ಲರಿಗೂ ಬುದ್ಧಿ ಹೇಳುವ ಹೆಂಡತಿಯ ಅಕ್ಕ, ಕೊನೆಗೆ ಹೆಂಡತಿ. ಎಲ್ಲರ ಕೈಯಲ್ಲೂ ಬಿಸಿ ಡಬ್ಬಿಗಳು. ಮಾಡಿದ ಅಡುಗೆಯನ್ನು ಫೈಲುಗಳ ನಡುವೆ ಬಿಟ್ಟುಬರಲು ಅವಳಿಗೆ ಮನಸ್ಸಾಗಿರಲಿಲ್ಲ.

ಹೆಂಡತಿಯನ್ನು ಕಂಡು ರಾಯರಿಗೆ ಹೆದರಿಕೆಯ ಜೊತೆಗೇ ಜೀವವೂ ಬಂತು. "ಇವಳೇ ಮೇಡಂ! ಮೇಜು ಇವಳದ್ದು. ಇವಳನ್ನ ಕೇಳಿ!"

ತಜ್ಞೆ ನ್ಯಾಯವಂತರು. ಅವರ ಮುಖ ಸ್ವಲ್ಪ ಬಾಡಿತು, ಆದರೂ ಕೇಳಿದರು. "ನೋಡಿಮ್ಮ, ಇದು ನಿಮ್ಮದು ಅಂತ ಯಜಮಾನರು ಹೇಳ್ತಾರೆ. ಹೆಸರೋ, ಬಿಲ್ಲೋ, ಏನಾದ್ರೂ ಗುರುತು ಇದ್ರೆ ತೋರ್ಸಿ. ಈಗಲೇ ನನ್ನ ಕೈಯಾರೆ ಬಿಲ್ಲೆ ಕೀಳ್ತೀನಿ. ಆಗ ಬರೀ ಕಿಟಕಿ ನೋಡಿ ಇದು ಊಟದ ಕೋಣೆ ಅನ್ನೋಕಾಗಲ್ಲ. ಇವರ ಆಫೀಸು ಇವರಿಗೆ, ಮೇಜು ನಿಮಗೆ."

ಹೆಂಡತಿ ಡಬ್ಬಿ ಕೆಳಗಿಟ್ಟಳು. ಮೇಜಿನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದಳು. ಸಂಜೆಯ ಬೆಳಕು ಎರಡೂ ಕಿಟಕಿಯಿಂದ ಬಿದ್ದು ಕರಿಮರದ ಮೇಲೆ ಕೆಂಪಾಗಿ ಹರಡಿತ್ತು. ಒಂದು ಕಾಗದ ಇರಲಿಲ್ಲ, ಒಂದು ಪಿನ್ನು ಇರಲಿಲ್ಲ. ಅವಳು ಅಂಗೈಯನ್ನು ಮೇಜಿನ ಈ ಅಂಚಿನಿಂದ ಆ ಅಂಚಿನವರೆಗೆ ಎಲ್ಲೂ ತಡೆಯಿಲ್ಲದೆ ಎಳೆದಳು. ಆಮೇಲೆ ಹತ್ತೊಂಬತ್ತನೇ ಕಲಮನ್ನು ಇನ್ನೊಮ್ಮೆ ಓದಿ ಹೇಳಲು ಮ್ಯಾನೇಜರನ್ನು ಕೇಳಿದಳು. ಅವರು ಓದಿದರು.

"ಒಂದು ಫೈಲೂ ಬರೋ ಹಾಗಿಲ್ವಾ?"

"ಒಂದೂ ಇಲ್ಲಮ್ಮ."

"ಅಲ್ವೇ, ಅಮ್ಮ ಇದರಲ್ಲಿ..." ಎಂದು ಅಕ್ಕ ಬಾಯಿ ತೆರೆದಳು.

"ಅಕ್ಕಾ, ನೀನು ತಟ್ಟೆ ಹಾಕು," ಎಂದಳು ಹೆಂಡತಿ. ತಜ್ಞೆಯ ಕಡೆ ತಿರುಗಿ, "ನಮ್ಮದೂ ಸುಮಾರು ಇದೇ ಥರ ಇತ್ತು ಮೇಡಂ. ಆದ್ರೆ ಇಷ್ಟು ಚೊಕ್ಕಟವಾಗಿರ್ಲಿಲ್ಲ," ಎಂದಳು. "ಇದು ನಿಮ್ಮದೇ ಇರ್ಬೇಕು."

ರಾಯರ ಬಾಯಿ ತೆರೆದದ್ದು ಹಾಗೇ ಉಳಿಯಿತು. ಹಲ್ಲಿನ ಡಾಕ್ಟರು ನೋಡಿದ್ದರೆ ಸಂತೋಷಪಡುತ್ತಿದ್ದರು.

ತಜ್ಞೆಯನ್ನೂ ಮ್ಯಾನೇಜರನ್ನೂ ಹೆಂಡತಿ ಊಟಕ್ಕೆ ಕೂರಿಸಿದಳು. ಆರೇ ಕುರ್ಚಿ ಇದ್ದುದರಿಂದ ರಾಯರು ಕಿಟಕಿಯ ಕಟ್ಟೆ ಏರಿದರು. ಷಡ್ಡಕರು ಎರಡನೇ ಸಲ ಬಡಿಸಿಕೊಳ್ಳುತ್ತ, "ಊರ ನಡುವೆ ಊಟಕ್ಕೇ ಅಂತ ಒಂದು ಕೋಣೆ! ನಿಮ್ಮ ಧೈರ್ಯ ಮೆಚ್ಚಿದೆ ಕಣ್ರೀ," ಎಂದು ರಾಯರ ಬೆನ್ನು ತಟ್ಟಿದರು. ಗುಮಾಸ್ತರು ಬರೆದದ್ದು ನಿಜವಾಗಿತ್ತು. ಗಾಳಿ ಜೋರಾಗಿಯೇ ಇತ್ತು.

ಎಲ್ಲರೂ ಇಳಿದು ಹೋದ ಮೇಲೆ ಡಬ್ಬಿ ಕಟ್ಟುತ್ತಿದ್ದ ಹೆಂಡತಿಯ ಎದುರು ರಾಯರು ನಿಂತರು.

"ಏನೇ ಇದು? ಗುರುತು ಏನೂ ಇರ್ಲಿಲ್ವಾ?"

ಅವಳು ಬಾಗಿಲ ಕಡೆ ನೋಡಿ, ಬಗ್ಗಿ, ಮೇಜಿನ ಅಂಚಿನ ಕೆಳಪಟ್ಟಿಯನ್ನು ಎರಡು ಬೆರಳಲ್ಲಿ ಒತ್ತಿ ಎಳೆದಳು. ಒಂದು ಗೇಣುದ್ದದ ತೆಳು ಹಲಗೆ ಜಾರಿ ಹೊರಬಂತು. ಅದರ ಮೇಲೆ ಅವಳ ತಾಯಿಯ ಹೆಸರು, ಮದುವೆಯ ವರ್ಷ, ಬಡಗಿಯ ಹೆಸರು, ಮೂರನ್ನೂ ಆಳವಾಗಿ ಕೆತ್ತಿತ್ತು. ಇಪ್ಪತ್ತು ವರ್ಷದ ಸಂಸಾರದಲ್ಲಿ ರಾಯರು ಅದನ್ನು ನೋಡಿರಲೇ ಇಲ್ಲ.

"ಇದನ್ನ ತೋರಿಸ್ಬಾರ್ದಾಗಿತ್ತಾ?" ಅವರು ಹೆಚ್ಚುಕಡಿಮೆ ಅತ್ತರು.

"ತೋರಿಸಿದ್ರೆ ಮೇಜು ಮನೆಗೆ ಬರ್ತಿತ್ತು. ನಿಮ್ಮ ಫೈಲು ಎಷ್ಟು ದಿನ ಇಲ್ಲಿರ್ತಿತ್ತು? ಒಂದು ವಾರ. ಆಮೇಲೆ 'ಇವತ್ತೊಂದಿನ' ಅಂತ ಒಂದು ಮನೆಗೆ ಬರೋದು. ಅದರ ಹಿಂದೆ ಇನ್ನೊಂದು." ಹಲಗೆಯನ್ನು ಒಳಗೆ ನೂಕಿದಳು. ಅದು ಟಪ್ಪೆಂದು ಕೂತಿತು. "ಮೂರು ವರ್ಷ ಈ ಮೇಜಿಗೆ ವಾಚ್‌ಮನ್ ಇದಾನೆ. ಕರಾರು ಮುಗಿದ ದಿನ ಬಂದು ತೋರಿಸ್ತೀನಿ. ನಾಳೆ ಆ ತಕರಾರು ವಾಪಸ್ ತಗೊಳ್ಳಿ. ಕೀಲಿಕೈ ಕೊಡಿ."

ಅವರು ಕೊಟ್ಟರು.

ಈಗ ದಿನವೂ ಸಂಜೆ ಏಳಕ್ಕೆ ಮನೆಯವರು ಮೂವರೂ ಡಬ್ಬಿ ಹಿಡಿದು ತಂತಿ ಕಚೇರಿಗೆ ನಡೆದು ಹೋಗುತ್ತಾರೆ. ಒಟ್ಟಿಗೆ ಕೂತು ಉಂಡು, ಕಿಟಕಿಯ ಬಳಿ ಸ್ವಲ್ಪ ಹೊತ್ತು ಮಾತಾಡಿ ಬರುತ್ತಾರೆ. ಹಗಲು ಹೊತ್ತು ರಾಯರು ಮನೆಯಲ್ಲೇ ಕೆಲಸ ಮಾಡುತ್ತಾರೆ. ತಿಂಗಳಿಗೆ ಒಂಬತ್ತು ಸಾವಿರ ಹೋಗುತ್ತಿದೆ. ಹೆಂಡತಿ ಅಕ್ಕನ ಮನೆಗೆ ಹೋಗಲಿಲ್ಲ. ಆಫೀಸು ಸಿಗಲಿಲ್ಲ.